ಆಡು ತಿನ್ನದ ಹೆಸರು

ಬೆಳಗಿನ ಐದು ಗಂಟೆ. ರಾಯಚೂರಿನ ತೀನ್ ಕಂದೀಲ್ ವೃತ್ತದ ಬಳಿ ಚಹಾದಂಗಡಿಯ ಒಲೆ ಈಗಷ್ಟೇ ಹೊತ್ತಿಕೊಳ್ಳುತ್ತಿದೆ. ಬಂಡೆಮ್ಮ ಆಗಲೇ ಎಂಟನೇ ಪೋಸ್ಟರಿಗೆ ಕೈ ಹಾಕಿದ್ದಾಳೆ. ಸೆರಗನ್ನು ಸೊಂಟಕ್ಕೆ ಬಿಗಿದು, ಉದ್ದನೆಯ ಬಿದಿರಿನ ತುದಿಗೆ ಕಟ್ಟಿದ ಪೊರಕೆಯನ್ನು ಅಂಟಿನ ಬಕೆಟ್ಟಿನಲ್ಲಿ ಅದ್ದಿ ಗೋಡೆಗೆ ಎರಡು ಸಲ ಎಳೆಯುತ್ತಾಳೆ. ಪೋಸ್ಟರಿನಲ್ಲಿ ನಾಯಕಿಯೊಬ್ಬಳು ಬಂಡೆಯ ಮೇಲಿಂದ ನದಿಗೆ ಜಿಗಿಯುತ್ತಿದ್ದಾಳೆ. ‘ಕರಿಗುಡ್ಡದ ರಾಣಿ, ಮೂರನೇ ಭಾಗ.’ ಮುಖ ಮಾತ್ರ ನಾಯಕಿಯದು. ಕಾಲು, ಬೆನ್ನು, ಗಾಳಿಗೆ ಹಾರಿದ ಜಡೆ ಎಲ್ಲವೂ ಈ ಬಂಡೆಮ್ಮನವು.

ಪೋಸ್ಟರಿನ ಕೆಳಗೆ ಮೊಳದುದ್ದದ ಚೀಟಿಯೊಂದನ್ನು ಅಂಟಿಸಿ ಅಂಗೈಯಿಂದ ಸವರುತ್ತಾಳೆ. ‘ಹೊಳಿಗೆ ಜಿಗದಾಕಿ ಬಂಡೆಮ್ಮ, ಗೂಗಲ್’ ಎಂದು ಅದರಲ್ಲಿ ಬರೆದಿದೆ. ಬೋರ್ಡು ಬರೆಯುವ ಪರಮಣ್ಣ ಒಮ್ಮೆ ಬರೆದುಕೊಟ್ಟದ್ದನ್ನು ತಿದ್ದಿ ತಿದ್ದಿ ಕಲಿತದ್ದು. ಆಕೆಗೆ ಬರೆಯಲು ಬರುವುದು ಇದೊಂದೇ ಸಾಲು.

ಹನ್ನೊಂದು ವರ್ಷದ ಹಿಂದೆ, ಅಂದರೆ ಎಪ್ಪತ್ಮೂರರಲ್ಲಿ, ಸಿನಿಮಾದವರು ದೇವದುರ್ಗ ತಾಲೂಕಿನ ಗೂಗಲ್‌ಗೆ ಬಂದಾಗ ಆಕೆಗೆ ಹತ್ತೊಂಬತ್ತು. ಕೃಷ್ಣೆಯಲ್ಲಿ ಈಜುತ್ತಲೇ ಬೆಳೆದ ಹುಡುಗಿ. ನಾಯಕಿಯ ಬದಲು ಜಿಗಿಯಲು ಸೀರೆ ಉಡಿಸಿ ಕರೆತಂದಿದ್ದ ಗಂಡಾಳು ಬಂಡೆಯ ತುದಿಗೆ ಹೋದವನೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

“ಬಟ್ಟಿ ಒಗಿಯಾಕ ಹೋಗಿದ್ದೆ. ಅವನ್ನ ನೋಡಿ ನಗು ತಡೀಲಿಲ್ರಿ. ಹಂಗಾರ ನೀ ಜಿಗೀತೀ ಏನಂತ ಕೇಳಿದ್ರು. ಕೈಯಾಗಿದ್ದ ಬಟ್ಟಿ ಹಿಂಡಿಟ್ಟು ಜಿಗದೇ ಬಿಟ್ಟೆ,” ಎಂದು ನಮ್ಮ ಪತ್ರಿಕೆಗೆ ಹೇಳುತ್ತಾಳೆ.

ಚಿತ್ರ ಭರ್ಜರಿಯಾಗಿ ಓಡಿತು. ಎಪ್ಪತ್ತಾರರಲ್ಲಿ ಎರಡನೇ ಭಾಗ, ಎಪ್ಪತ್ತೊಂಬತ್ತರಲ್ಲಿ ಮೂರನೆಯದು. ಪ್ರತಿಸಲವೂ ಕರೆ ಬಂತು, ಪ್ರತಿಸಲವೂ ‘ಮುಂದಿನ ಭಾಗದಲ್ಲಿ ನಿನ್ನ ಹೆಸರು ಹಾಕುತ್ತೇವೆ’ ಎಂಬ ಮಾತೂ ಬಂತು. ಎರಡನೇ ಸಲ ನೀರೊಳಗಿನ ಕಲ್ಲು ಬಡಿದು ಎಡಭುಜ ಹೋಯಿತು. ಈಗಲೂ ಆ ಕೈ ಕಿವಿಗಿಂತ ಮೇಲೆ ಏಳುವುದಿಲ್ಲ. ಉದ್ದನೆಯ ಬಿದಿರು ಅದಕ್ಕಾಗಿಯೇ.

ಮೂರನೇ ಭಾಗ ಮುಗಿದ ಮೇಲೆ ತಾಯಿ ಅಯ್ಯಮ್ಮನನ್ನು ಕರೆದುಕೊಂಡು ರಾಯಚೂರು ಸೇರಿದಳು. ಅಂದಿನಿಂದ ಇದೇ ಕೆಲಸ. ದಿನಕ್ಕೆ ನೂರಾ ಇಪ್ಪತ್ತು ಪೋಸ್ಟರು, ನಾಲ್ಕು ಕಿಲೋ ಮೈದಾ. ಗುರುವಾರ ಮಾನ್ವಿ, ಶುಕ್ರವಾರ ದೇವದುರ್ಗ, ಬಸ್ಸಿನ ಕೊನೆಯ ಸೀಟಿನಲ್ಲಿ ಮೊಣಕಾಲ ನಡುವೆ ಬಕೆಟ್ಟು. ಅಂಟು ಕುದಿಯುವಾಗ ಒಂದು ಮುಷ್ಟಿ ಮೈಲುತುತ್ತ ಹಾಕುತ್ತಾಳೆ. ಆ ಕಹಿಗೆ ಆಡುಗಳು ಪೋಸ್ಟರಿಗೆ ಬಾಯಿ ಹಾಕುವುದಿಲ್ಲ. ಅದು ವಿಷವೂ ಹೌದು, ಹಾಗಾಗಿ ಊಟಕ್ಕೆ ಮೊದಲು ಮೂರು ಸಲ ಕೈ ತೊಳೆಯುತ್ತಾಳೆ.

ಈ ವರ್ಷ ಮೂರೂ ಭಾಗಗಳು ಒಂದರ ಹಿಂದೊಂದು ಮತ್ತೆ ತೆರೆಗೆ ಬಂದವು. ಪತ್ರಿಕೆಯೊಂದು ‘ಆ ಕಲಾವಿದರು ಈಗೆಲ್ಲಿ?’ ಎಂದು ಇಡೀ ಪುಟ ಬರೆಯಿತು. ನಾಯಕಿ ಮದ್ರಾಸಿನಲ್ಲಿ ಗುಲಾಬಿ ಬೆಳೆಸುತ್ತಾಳಂತೆ. ಖಳನಾಯಕ ಲಾಡ್ಜ್ ಇಟ್ಟಿದ್ದಾನಂತೆ. ಹಾಸ್ಯನಟನ ಹೆಗಲ ಮೇಲೆ ಕೂತಿದ್ದ ಗಿಳಿ ಸತ್ತದ್ದಕ್ಕೂ ಎರಡು ಸಾಲು. ಪರಮಣ್ಣ ಓದಿ ಹೇಳಿದಾಗ ಬಂಡೆಮ್ಮನಿಗೆ ಮೈಯೆಲ್ಲ ಉರಿಯಿತು.

“ಗಿಣಿ ಏನ್ ಹೊಳಿಗೆ ಜಿಗದಿತ್ತೇನ್ರಿ? ಜಿಗದ್ರೂ ಅದಕ್ಕ ರೆಕ್ಕಿ ಇದ್ವು,” ಎಂದು ಇವತ್ತಿಗೂ ಕೇಳುತ್ತಾಳೆ.

ಚೀಟಿ ಅಂಟಿಸುವುದು ಶುರುವಾದದ್ದು ಆ ದಿನದಿಂದ. ಆಗ ಅದು ಗೇಣುದ್ದವಿತ್ತು. ಮೂರೂ ಊರುಗಳಲ್ಲಿ ಟಾಕೀಸು ನಡೆಸುವ ಸತ್ತಾರ್ ಸಾಬ್ ಕಣ್ಣು ಕೆಂಪಗೆ ಮಾಡಿದರು. “ಸಿನಿಮಾ ನಿಂದೇನು? ನಿನ್ನ ಚೀಟಿ ಮ್ಯಾಲೆ ‘ಎರಡನೇ ವಾರ’ ಅನ್ನೋ ಪಟ್ಟಿ ಹಚ್ಚು!” ಬಂಡೆಮ್ಮ ಮಾನ್ವಿಯ ಗೋಡೆಗಳಿಗೆಲ್ಲ ಹಚ್ಚಿ ಬಂದಳು. ಆ ಪಟ್ಟಿಯ ಅಂಟಿಗೆ ಮಾತ್ರ ಮೈಲುತುತ್ತ ಹಾಕಿರಲಿಲ್ಲ. ಮಧ್ಯಾಹ್ನದೊಳಗೆ ಆಡುಗಳು ಎರಡನೇ ವಾರವನ್ನು ತಿಂದು ಮುಗಿಸಿದವು. ಕೆಳಗಿನ ಕಹಿ ಚೀಟಿ ಹಾಗೆಯೇ ಉಳಿಯಿತು.

“ನಾ ಹಚ್ಚೀನ್ರಿ ಸಾಬ್ರ. ಆಡು ತಿಂದ್ರ ನಾ ಏನ್ ಮಾಡ್ಲಿ?”

ಸಾಬರು ಖಡಾಖಂಡಿತವಾಗಿ ಹೇಳಿದರು: “ಹೆಸರು ಬಿಡು, ಇಲ್ಲಾ ಕೆಲಸ ಬಿಡು.” ಬಂಡೆಮ್ಮ ಬಕೆಟ್ಟನ್ನು ಅವರ ಕಾಲ ಬಳಿ ಇಟ್ಟು ಮನೆಗೆ ನಡೆದಳು.

ಅಯ್ಯಮ್ಮ ಹಣೆ ಚಚ್ಚಿಕೊಂಡಳು. “ಒಂದು ಚೀಟಿ ಸಲುವಾಗಿ ರೊಟ್ಟಿ ಕಳಕೊಂಡೆಲ್ಲೇ!”

“ರೊಟ್ಟಿ ಎಲ್ಲ್ಯಾರ ದುಡದು ತರ್ತೀನಿ ಯವ್ವಾ. ಹೆಸರು ಯಾರ್ ಕೊಡ್ತಾರ?” ಎಂದಳು ಮಗಳು. ಹಾಗೆ ಅಂದಳೇ ಹೊರತು, ಆ ವಾರ ದಿನವೂ ಜೋಳದ ಗಡಿಗೆಯೊಳಗೆ ಬಗ್ಗಿ ನೋಡುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತಾಳೆ. ಮನೆಯಲ್ಲಿದ್ದದ್ದು ನಾಲ್ಕು ದಿನದ ಜೋಳ.

ಸಾಬರು ಬೇರೆ ಇಬ್ಬರನ್ನು ಗೊತ್ತು ಮಾಡಿದರು. ಗಟ್ಟಿಮುಟ್ಟಾದ ಆಳುಗಳು, ಏಣಿ ಬೇರೆ ಇತ್ತು. ಅಂಟಿಗೆ ಏನೇನು ಹಾಕಬೇಕು ಎಂದು ಅವರು ಕೇಳಲಿಲ್ಲ, ಬಂಡೆಮ್ಮನೂ ಹೇಳಲಿಲ್ಲ. ಗುರುವಾರ ಹೊತ್ತೇರುವಷ್ಟರಲ್ಲಿ ನಾಯಕಿಯ ಮುಖ, ಖಳನಾಯಕನ ಮೀಸೆ, ನಿರ್ದೇಶಕರ ಹೆಸರು ಎಲ್ಲವೂ ಮಾನ್ವಿಯ ಆಡುಗಳ ಹೊಟ್ಟೆ ಸೇರಿದ್ದವು. ಮರುದಿನ ದೇವದುರ್ಗದಲ್ಲೂ ಅದೇ ಕಥೆ. ಮ್ಯಾಟಿನಿಗೆ ಬಂದವರು ಹನ್ನೊಂದೇ ಮಂದಿ.

ಭಾನುವಾರ ಬೆಳಿಗ್ಗೆ ಸಾಬರು ತಾವೇ ಬಕೆಟ್ಟು ಹಿಡಿದುಕೊಂಡು ಆಕೆಯ ಬಾಗಿಲಿಗೆ ಬಂದರು. “ಬಾರವ್ವಾ ಬಂಡೆಮ್ಮ, ಸಾಕು ಸಿಟ್ಟು.”

“ನನ್ನ ಹೆಸರು?”

ಸಾಬರು ಗಡ್ಡ ಸವರಿಕೊಂಡರು. “ಸಣ್ಣದಾಗಿ ಹಚ್ಚಿಕೋ.”

ಗೇಣುದ್ದದ ಚೀಟಿ ಮೊಳದುದ್ದವಾದದ್ದು ಆವತ್ತಿನಿಂದಲೇ. ಸಾಬರು ನೋಡಿಯೂ ನೋಡದವರಂತೆ ಹೋಗುತ್ತಾರೆ.

ತೀನ್ ಕಂದೀಲ್‌ನಲ್ಲಿ ಈಗ ಬಿಸಿಲು ಬಿದ್ದಿದೆ. ಆಡೊಂದು ಗೋಡೆಯ ಬಳಿ ಬಂದು, ಮೂಸಿ, ಮುಖ ತಿರುಗಿಸಿಕೊಂಡು ಹೋಗುತ್ತದೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ಬಂಡೆಮ್ಮ ಪೊರಕೆಯನ್ನು ಬಕೆಟ್ಟಿನ ಅಂಚಿಗೆ ಬಡಿಯುತ್ತಾಳೆ.

“ನಿಮ್ಮ ಪೇಪರಿನ್ಯಾಗ ನನ್ನ ಹೆಸರು ಬಂದ್ರ ಹತ್ತು ಪ್ರತಿ ಕಳಸ್ರಿ. ಗೂಗಲ್‌ನ್ಯಾಗ ಗ್ವಾಡಿ ಗ್ವಾಡಿಗೂ ಹಚ್ಚತೀನಿ. ಮೈಲುತುತ್ತ ನನ್ನ ಕಡಿ ಅದ.”