ಎರಡೂ ಕೈಯಲ್ಲಿ ಕೊಟ್ಟ ಕಾರ್ಡು

ನಮ್ಮ ಸ್ಟಾಕ್‌ಹೋಮ್ ಆಫೀಸಿಗೆ ಚೀನಾದಿಂದ ಲಿನ್ ಅನ್ನೋ ಎಂಜಿನಿಯರ್ ಬರ್ತಾರೆ ಅಂತಾದಾಗ, ಬಾಸ್ ಅನ್ನಾ ನೇರ ನನ್ನ ಹತ್ರ ಬಂದರು. "ನೀನು ಏಷ್ಯಾದವನಲ್ವಾ, ಅವರ ರೀತಿ ರಿವಾಜು ನಮಗೂ ಸ್ವಲ್ಪ ಹೇಳಿಕೊಡು" ಅಂದರು.

ನಾನು ಕಂಡಿದ್ದ ಚೀನಾ ಅಂದ್ರೆ ಬೆಂಗಳೂರಿನ ರಸ್ತೆ ಬದಿಯ ಗೋಬಿ ಮಂಚೂರಿ. ಆದ್ರೂ ಬಿಡ್ತೀನಾ? ನಾನಿರೋ ಸೊಲ್ಲೆಂಟುನಾದಿಂದ ಆಫೀಸಿಗೆ ರೈಲಲ್ಲಿ ಬರುವಾಗ ಮೊಬೈಲಲ್ಲಿ ಯಾವುದೋ ಹಳೇ ಲೇಖನ ಓದಿಕೊಂಡು, ಫೀಕಾ ಅನ್ನೋ ಇಲ್ಲಿನ ಕಾಫಿ ಹೊತ್ತಲ್ಲಿ ದೊಡ್ಡ ಪಂಡಿತನ ಹಾಗೆ ಪಾಠ ಮಾಡಿದೆ. "ವಿಸಿಟಿಂಗ್ ಕಾರ್ಡನ್ನ ತಲೆ ಬಾಗಿಸಿ ಎರಡೂ ಕೈಯಲ್ಲಿ ಕೊಡಬೇಕು. ಒಂದೇ ಕೈಯಲ್ಲಿ ಕೊಟ್ರೆ ಅವಮಾನ." ಎಲ್ಲರೂ ಕೈಯಲ್ಲಿದ್ದ ಬಿಸ್ಕತ್ತು ಹಿಡಿದೇ ಅಭ್ಯಾಸ ಮಾಡಿದರು.

ಲಿನ್ ಬಂದರು. ನಗ್ತಾ ತಮ್ಮ ಮೊಬೈಲನ್ನ ನನ್ನ ಮುಂದೆ ಚಾಚಿದರು. ನಾನು ತಾಂಬೂಲ ಕೊಡೋ ಹಾಗೆ ಬಾಗಿ, ನನ್ನ ಕಾರ್ಡನ್ನ ಆ ಮೊಬೈಲಿನ ಮೇಲೇ ಇಟ್ಟೆ. ಇಟ್ಟ ಮೇಲೆ ಕಂಡಿತು, ಪರದೆ ಮೇಲೆ ಕ್ಯೂಆರ್ ಕೋಡ್! ಸ್ಕ್ಯಾನ್ ಮಾಡ್ಕೊಳ್ಳಿ ಅಂತ ಚಾಚಿದ್ದರು, ಪಾಪ. ನಾನು ಬಾಯಿ ತೆರೆಯೋದ್ರೊಳಗೆ ಹಿಂದೆ ಶಿಸ್ತಾಗಿ ಸಾಲು ನಿಂತಿದ್ದ ಸ್ವೀಡನ್ನಿನವರೆಲ್ಲ ಒಬ್ಬೊಬ್ಬರೇ ಬಾಗಿ, ತಮ್ಮ ಕಾರ್ಡುಗಳನ್ನೂ ಅದರ ಮೇಲೆ ಪೇರಿಸಿದರು. ಲಿನ್ ಕೈ ಅಲ್ಲಾಡಿಸದೆ ನಿಂತೇ ಇದ್ದರು.

"ನಮ್ಮಲ್ಲಿ ಈಗ ಕಾರ್ಡು ಯಾರೂ ಇಟ್ಕೊಳ್ಳಲ್ಲ, ಎಲ್ಲ ಫೋನಲ್ಲೇ" ಅಂದರು ಆಮೇಲೆ ಮೆಲ್ಲಗೆ. "ಆದ್ರೆ ನಿಮ್ಮ ಸ್ವೀಡನ್ ಪದ್ಧತಿ ತುಂಬಾ ಚೆನ್ನಾಗಿದೆ. ಊರಲ್ಲಿ ಎಲ್ಲರಿಗೂ ಹೇಳ್ತೀನಿ."

ನಾನು ತಿದ್ದೋಕೆ ಹೋಗಲಿಲ್ಲ. ಸ್ವೀಡನ್ನಿಗೆ ಹೊರಟ ಚೀನೀಯರಿಗೆ ಅವರೂರಲ್ಲಿ ಯಾರೋ ಪಂಡಿತ ಈಗ ಪಾಠ ಮಾಡ್ತಿರಬೇಕು: ಮೊಬೈಲ್ ಚಾಚಿ, ಎಲ್ಲರೂ ಕಾರ್ಡು ಇಟ್ಟು ಮುಗಿಸೋ ತನಕ ಅಲ್ಲಾಡಬೇಡಿ.