ಸರ್ಪಸುತ್ತು ಅಂದವನು ನಾನೇ

ಅಕ್ಕಾ, ನಿನ್ನ ಗಂಡನ ತೊಡೆಗೆ ಆದದ್ದು ಸರ್ಪಸುತ್ತಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು — ಗೊತ್ತಿದ್ದೂ ಸುಳ್ಳು ಹೇಳಿದೆ.

ಕೊಟ್ಟೂರಿನ ಹೊರಗೆ ನೀರಿನ ಪೈಪು ಹಾಕುತ್ತಿದ್ದ ಕಾಲ. ಬೆಸುಗೆಯ ಒಳಗೆ ಬಿರುಕಿದೆಯೇ ಎಂದು ಎಕ್ಸ್‌ರೇಯಂತೆ ಫೋಟೋ ತೆಗೆಯುವವರ ಕೈಕೆಳಗೆ ನಾನಿದ್ದೆ. ಕೆಲಸ ಮುಗಿದ ಮೇಲೆ, ವಿಕಿರಣ ಸೂಸುವ ತುಂಡು ಸೀಸದ ಪೆಟ್ಟಿಗೆಯೊಳಗೆ ವಾಪಸು ಸೇರಿತೇ ಎಂದು ಮೀಟರ್ ಹಿಡಿದು ನೋಡುವುದು ನನ್ನ ಕೆಲಸ. ಅವತ್ತು ನಾಗರ ಪಂಚಮಿ. ನೀನು ಕಟ್ಟಿಕೊಟ್ಟ ಹಬ್ಬದ ಉಂಡಿಗಳನ್ನು ಕೊಟ್ರೇಶಿ ಮಾವ ನಮಗೆಲ್ಲ ತಂದಿದ್ದ. ಉಂಡಿ ಡಬ್ಬಿ ಕಂಡದ್ದೇ ಮೀಟರ್ ಮರೆತೆ — ಅಷ್ಟೇ, ಮರೆತೆ. ತುಂಡು ಕಳಚಿ ಮಣ್ಣಿಗೆ ಬಿದ್ದಿತ್ತು. ಬೆರಳುದ್ದದ ಹೊಳೆಯುವ ಸ್ಟೀಲು. ಮಾವ ಅದನ್ನೆತ್ತಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡು ಹೋದ.

ಸಂಜೆ ವಾಂತಿ ಮಾಡಿಕೊಂಡ. "ಉಂಡಿ ಜಾಸ್ತಿ ಆಗ್ಯಾವ" ಎಂದು ನೀನೇ ನಕ್ಕೆ.

ಮರುದಿನ ಪೆಟ್ಟಿಗೆ ಖಾಲಿ. ಎಂಜಿನಿಯರ್ ಮುಖ ಬಿಳಿಚಿಕೊಂಡಿತು. "ಅದು ಯಾರ ಜೇಬಲ್ಲಾದ್ರೂ ಇದ್ರೆ ಮಾಂಸ ಒಳಗಿಂದ ಸಾಯುತ್ತೆ ಕಣಯ್ಯ" ಎಂದರು. ಮಾವ ಏನನ್ನೋ ಬೆರಳಲ್ಲಿ ಆಡಿಸುತ್ತಿದ್ದದ್ದು ಆಗ ನೆನಪಾಯಿತು. ನಿಮ್ಮ ಮನೆಗೆ ಓಡಿದೆ. ಗೂಟಕ್ಕೆ ಹಾಕಿದ್ದ ಪ್ಯಾಂಟಿನ ಜೇಬಿನಲ್ಲೇ ಇತ್ತು. ಉದ್ದ ಇಕ್ಕಳದಲ್ಲಿ ಹಿಡಿದು ತಂದು ಪೈಪಿನ ಗುಂಡಿಗೆ ಹಾಕಿ, "ಇಲ್ಲೈತ್ರೀ" ಎಂದು ಕೂಗಿದೆ.

ತೊಡೆ ಕೆಂಪಾಗಿ ಬೊಬ್ಬೆ ಎದ್ದಾಗ ನೀನು ನನ್ನನ್ನೇ ಕೇಳಿದೆ.

"ಸರ್ಪಸುತ್ತು ಐತಿ ಬಿಡಕ್ಕಾ. ಕಾವಿ ಬರೆಸಿದ್ರ ಹೋಗತೈತಿ."

ಸರ್ಪಸುತ್ತಿಗೆ ಕಾವಿ ಬರೆಯುವ ಗುಡೇಕೋಟೆಯ ಅಜ್ಜಿಯ ಹತ್ತಿರ ಮಾವನನ್ನು ಕರೆದುಕೊಂಡು ಹೋದವನೂ ನಾನೇ. ಅವಳು ಆ ಗಾಯದ ಸುತ್ತ ಕಾವಿ ಬಳಿಯುವುದನ್ನು ನೋಡುತ್ತ ನಿಂತಿದ್ದೆ — ಹೇಗೆ ನಿಂತಿದ್ದೆನೋ.

ಗಾಯ ಮೂಳೆಗಿಳಿಯಿತು. ದಾವಣಗೆರೆಯ ಡಾಕ್ಟರು "ಬಿಸಿನೀರು ಬಿತ್ತೇನ್ರಿ, ಆಸಿಡ್ ಏನಾದ್ರೂ?" ಎಂದು ಮತ್ತೆ ಮತ್ತೆ ಕೇಳಿದರು. "ಏನೂ ಬಿದ್ದಿಲ್ರೀ" ಎಂದು ನೀನು ಅಳುತ್ತಿದ್ದೆ. ನಾನು ಪಕ್ಕದಲ್ಲಿದ್ದೆ. ಕೆಲಸ ಹೋದೀತು, ಜೈಲಾದೀತು — ಬಾಯಿ ಬಿಡಲಿಲ್ಲ. ಆಪರೇಷನ್ ಆದ ಮೇಲೆ ಹೊದಿಕೆ ಒಂದು ಕಡೆ ಚಪ್ಪಟೆಯಾಗಿ ಬಿದ್ದಿತ್ತು. ಅಲ್ಲಿ ಕಾಲಿರಲಿಲ್ಲ.

ಹೋದ ವಾರ ನೀನು ಮೆಲ್ಲಗೆ ಅಂದೆ: "ಪಂಚಮಿ ದಿನ ಒಲಿ ಮ್ಯಾಲ ಹಂಚು ಇಡಬಾರದು. ಕೂಸು ಅತ್ತಿತಂತ ರೊಟ್ಟಿ ಬಿಸಿ ಮಾಡಿದ್ನೆಪ್ಪಾ. ಅದಕ್ಕ ನಾಗಪ್ಪ ನಿಮ್ಮ ಮಾವನ ಕಾಲು ತಗಂಡ."

ಇಷ್ಟು ವರ್ಷ — ಇಷ್ಟು ವರ್ಷ ನೀನು ಇದನ್ನು ಹೊತ್ತುಕೊಂಡಿದ್ದೆಯಾ? ಆಗಲೂ ನಾನು ಎದ್ದು ಬಂದುಬಿಟ್ಟೆ.

ನಾಗಪ್ಪನದಲ್ಲ, ನಿನ್ನದೂ ಅಲ್ಲ. ನಾನು ತೆಗೆದ ಕಾಲು ಅದು. ನಾಳೆ ಬರುತ್ತೇನೆ, ಮಾವನ ಎದುರಿಗೂ ಇದನ್ನೇ ಹೇಳುತ್ತೇನೆ. ಆಮೇಲೆ ನೀನು ಹೊಸ್ತಿಲು ತುಳಿಯಬೇಡ ಎಂದರೆ, ತುಳಿಯುವುದಿಲ್ಲ.