ಮೃಗಶಿರೆಯಲ್ಲಿ ಬರೆದ ಚಳಿಗಾಲದ ಹಕ್ಕಿ

ಇದನ್ನು ಹೇಳಬೇಕೆಂದು ಪ್ರತಿ ಮುಂಗಾರಿಗೂ ಅಂದುಕೊಂಡಿದ್ದೇನೆ, ಪ್ರತಿ ಸಲವೂ ಮುಂದೂಡಿದ್ದೇನೆ. ಇನ್ನು ಮುಂದೂಡಲು ವಯಸ್ಸಿಲ್ಲ.

1964ನೇ ಇಸವಿ. ಸಿಂದಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ, ಮ್ಯಾಟ್ರಿಕ್ ಪಾಸಾದವನು. ಮೇಲಿನ ಕಚೇರಿಯಿಂದ ಅಚ್ಚಾದ ಕಾರ್ಡುಗಳ ಕಟ್ಟು ಬಂತು. ಊರವರು ಕಂಡ ಹಕ್ಕಿಯ ಹೆಸರು, ಸ್ಥಳ, ತಿಂಗಳು ಹೇಳಬೇಕು, ನಾವು ಬರೆದು ಕಳಿಸಬೇಕು. ಗುರುತು ಹಿಡಿಯಲು ಜೊತೆಗೊಂದು ಚಿತ್ರಪಟ. ಎರೆಭೂತ ಮೊಟ್ಟೆಯಿಟ್ಟ ಬಯಲನ್ನು ಆ ವರ್ಷ ಉಳುವುದಿಲ್ಲ ಎಂಬ ಭರವಸೆಯೂ ಇತ್ತು. ಎರೆಭೂತ ನಮ್ಮ ಕಪ್ಪು ನೆಲದ ಹಕ್ಕಿ. ಸೊಂಟದೆತ್ತರ ನಿಲ್ಲುತ್ತದೆ, ಇಡುವುದು ಒಂದೇ ಮೊಟ್ಟೆ.

ಆದರೆ ಕಾರ್ಡಿನ ಕೆಳಗೊಂದು ಸಾಲು: ‘ಕಂಡವರ ಸಹಿ. ಹೆಬ್ಬೆಟ್ಟು ನಡೆಯದು.’ ಬಯಲಿನಲ್ಲಿ ಹಕ್ಕಿ ಕಾಣುವವರು ಕುರಿಗಾರರು. ಅವರಲ್ಲಿ ಸಹಿ ಬಲ್ಲವರೆಷ್ಟು? ಈ ನಿಯಮ ಮಾಡಿದ ಮಹಾನುಭಾವ ಹಕ್ಕಿಯಿರಲಿ, ಕುರಿಯನ್ನೂ ಕಂಡಿರಲಿಕ್ಕಿಲ್ಲ.

ಮೃಗಶಿರಾ ಮಳೆ ಬಿದ್ದ ವಾರ ಕುರಿ ಕಾಯುವ ಹೆಣ್ಣುಮಗಳೊಬ್ಬಳು ಆರು ಮೈಲು ನಡೆದು ಬಂದಳು.

“ಸಾಹೇಬ್ರ, ನಮ್ಮೂರ ಗಾಯರಾಣದಾಗ ಎರೆಭೂತ ತತ್ತಿಗೆ ಕುಂತೈತ್ರಿ. ಎಂಟ್ ದಿನಾತು, ಕುರಿ ಆ ಕಡೆ ಹಾಯಿಸಿಲ್ಲ ನಾ. ನಾಳೆ ಟ್ರ್ಯಾಕ್ಟರ್ ಬರ್ತೈತಂತ. ಬರಕೋರಿ.”

ಗಾಯರಾಣವೆಂದರೆ ದನಕುರಿ ಮೇಯುವ ಊರೊಟ್ಟಿನ ಬಯಲು. ಉಳುಮೆಯ ಹುಕುಂ ನನ್ನ ಮೇಜಿನ ಮೇಲೇ ಇತ್ತು.

“ನಿನಗೇನ್ ತಿಳೀತೈತಿ? ಕರ್ಕರ ಇರಬೇಕು ತಗಿ,” ಎಂದೆ. ಕರ್ಕರ ಚಳಿಗಾಲದಲ್ಲಿ ಜೋಳದ ಹೊಲಕ್ಕೆ ಹಿಂಡುಹಿಂಡಾಗಿ ಇಳಿಯುವ ಹಕ್ಕಿ.

ಆಕೆ ನಕ್ಕಳು. “ಮಿರಗದಾಗ ಕರ್ಕರ? ಹೋಳಿ ಹುಣ್ಣಿಮಿಗೇ ಹೋಗ್ಯಾವ್ರಿ ಅವು! ಹಾರುವಾಗ ಕರ್ಕರದ ಕಾಲು ಬಾಲದ ಹಿಂದ ಚಾಚಿರ್ತಾವು, ಇದರವು ಕಾಣೂದಿಲ್ಲ. ಸಾಲಿ ಕಲ್ತವರು ನೀವು, ಒಂದ್ಸಲ ಬಂದು ನೋಡ್ರಲಾ.”

ಬಾಗಿಲಲ್ಲಿದ್ದ ಸಿಪಾಯಿ ಕಿಸಕ್ಕೆಂದ. ನನಗೆ ಸಿಟ್ಟು ನೆತ್ತಿಗೇರಿತು. ನೋಡಲು ಹೋಗಲಿಲ್ಲ. ಕಾರ್ಡು ತುಂಬಿದೆ. ಹಕ್ಕಿ: ಕರ್ಕರ. ತಿಂಗಳು: ಜೂನ್. ಕಂಡವರ ಸಹಿ: ನನ್ನದು. ಕಾಣದ ಹಕ್ಕಿಗೆ ಸಹಿ ಹಾಕಿದವನು ನಾನು.

ಮೂರನೆಯ ದಿನ ಆಕೆ ಮತ್ತೆ ಬಂದಳು. ಸೆರಗಿನ ಗಂಟು ಬಿಚ್ಚಿ ಒಡೆದ ಮೊಟ್ಟೆಯ ಚೂರುಗಳನ್ನು ಮೇಜಿನ ಮೇಲೆ ಸುರಿದಳು.

“ಇದು ಯಾವ ಹಕ್ಕೀದು ಅಂತ ಬರೀತೀರಿ ಈಗ?”

ಸಿಪಾಯಿಯನ್ನು ಕರೆದು ಮೇಜು ಒರೆಸಲು ಹೇಳಿದೆ. ಆಕೆ ಖಾಲಿ ಸೆರಗು ಕೊಡವಿ ಹೊರಟುಹೋದಳು.

ಜೂನ್ ತಿಂಗಳಲ್ಲಿ ಕರ್ಕರ ಹೇಗೆ ಬಂತೆಂದು ಮೇಲಿನ ಒಬ್ಬನಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಹೆಚ್ಚು ಕಾರ್ಡು ಕಳಿಸಿದ್ದಕ್ಕೆ ಮೆಚ್ಚುಗೆ ಪತ್ರ ಕಳಿಸಿದರು! ನಾನು ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ.

ಮುಂದೆ ಇಂಡಿ, ಮುದ್ದೇಬಿಹಾಳ ಎಂದು ವರ್ಗವಾದೆ. ಹೋದಲ್ಲೆಲ್ಲ ಬಯಲಿಗೆ ಹೋಗಿ ಹುಡುಕಿದೆ. ಎರೆಭೂತ ನನಗೆ ಒಮ್ಮೆಯೂ ಕಾಣಲಿಲ್ಲ.

ನೌಕರಿ ಕಲಿಸಿದ್ದು ಇಷ್ಟೇ: ಕಂಡವರ ಹೆಸರನ್ನು ಅಳಿಸಿದ ಕೈ ಹಕ್ಕಿಯ ಹೆಸರನ್ನೂ ಸರಿಯಾಗಿ ಬರೆಯಲಾರದು. ಆ ಕಾರ್ಡನ್ನು ಈಗ ತಿದ್ದುತ್ತಿದ್ದೇನೆ.

ಹಕ್ಕಿ: ಎರೆಭೂತ. ಒಂದು ಮೊಟ್ಟೆ. ಕಂಡವರು: ಬೀರವ್ವ.